ಊರು ಸುತ್ತಿದ ಒಂಟಿಕಾಲಿನ ನವಿಲು

ಯಂತ್ರವೇ ಎಲ್ಲ ಮಾಡುತ್ತದೆ ಮೇಡಂ, ನೀವು ಬಟನ್ ಒತ್ತಿ ಕಾಫಿ ಕುಡಿಯುತ್ತಾ ಕೂತರೆ ಸಾಕು ಎಂದು ಅಂಗಡಿಯವರು ಹೇಳಿದರೆ ದಯವಿಟ್ಟು ನಂಬಬೇಡಿ. ಅವರು ಹೇಳುವುದು ಸುಳ್ಳೇನಲ್ಲ. ಯಂತ್ರ ಎಲ್ಲ ಮಾಡುತ್ತದೆ, ಆದರೆ ನಾವು ಹೇಳಿದ್ದನ್ನೇ ಮಾಡುತ್ತದೆ. ತೊಂದರೆ ಇರುವುದೇ ಅಲ್ಲಿ. ಮದುವೆಯಾಗಿ ದಾವಣಗೆರೆಯಿಂದ ವಿಜಯವಾಡಕ್ಕೆ ಬಂದ ಮೇಲೆ, ನಾನು ಹೇಳಿದ್ದನ್ನು ಹೇಳಿದ ಹಾಗೆ ಕೇಳುವವರು ನಮ್ಮ ಮನೆಯಲ್ಲಿ ಒಬ್ಬರೂ ಇರಲಿಲ್ಲ. ಗಂಡ ರಮಣ ಹೂಂ ಎಂದು ಫೋನ್ ನೋಡುತ್ತಾರೆ. ಅತ್ತಯ್ಯ ಹೂಂ ಎಂದು ತಮಗೆ ಬೇಕಾದ್ದನ್ನು ಮಾಡುತ್ತಾರೆ. ಬಾಲ್ಕನಿಯ ಕರಿಬೇವಿನ ಗಿಡ ಕೂಡ ನಾನು ನೀರು ಹಾಕಿದರೆ ಬಾಡುತ್ತದೆ, ಅತ್ತಯ್ಯ ಹಾಕಿದರೆ ಚಿಗುರುತ್ತದೆ. ಹೀಗಿರುವಾಗ ನನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸುವ ವಸ್ತುವೊಂದು ಮನೆಗೆ ಬಂದರೆ, ಅದಕ್ಕೆ ಏನು ಹೇಳಬೇಕು ಎನ್ನುವ ರೂಢಿ ನನಗೆಲ್ಲಿಂದ ಬರಬೇಕು?

ನಾವು ಬೆಂಜ್ ಸರ್ಕಲ್ಲಿಗೆ ಹೋಗಿದ್ದು ಮಿಕ್ಸಿಯ ಜಾರ್ ಬದಲಾಯಿಸಲು. ಪಕ್ಕದ ಶೋರೂಮಿನ ಗಾಜಿನ ಹಿಂದೆ ಒಂದು ಎಂಬ್ರಾಯ್ಡರಿ ಯಂತ್ರ, ಯಾರೂ ಮುಟ್ಟದೆ, ತನ್ನ ಪಾಡಿಗೆ ತಾನು ಗುಲಾಬಿ ಹಾಕುತ್ತಿತ್ತು. ನಾನು ನಿಂತುಬಿಟ್ಟೆ. ಎಲೆ ಮೂಡಿತು, ದಳ ಮೂಡಿತು, ನನ್ನ ಬಾಯಿ ಮುಚ್ಚಲಿಲ್ಲ. ಕರೆದು ಕರೆದು ಸಾಕಾದ ರಮಣ ಕೊನೆಗೆ ತಾವೇ ಒಳಗೆ ಬಂದರು, ಮತ್ತು ಅವರ ಬಾಯಿಯೂ ಮುಚ್ಚಲಿಲ್ಲ. ಮಿಕ್ಸಿಯ ಜಾರ್ ಇವತ್ತಿಗೂ ಹಳೆಯದೇ. ಈ ಸಂತೋಷವನ್ನು ಊರಿನಲ್ಲಿರುವ ಅಮ್ಮನಿಗೆ ಫೋನಿನಲ್ಲಿ ಹೇಳಿದರೆ, "ಸೂಜಿಗೆ ದಾರ ಹಾಕಾಕೆ ಬರಲ್ಲ ನಿಂಗೆ, ಮಿಷನ್ ತಗಂಡು ಏನ್ ಮಾಡ್ತೀಯವ್ವ" ಎಂದರು. ಶಾಲೆಯ ಹೊಲಿಗೆ ಕ್ಲಾಸಿನಲ್ಲಿ ನಾನು ಹೂ ಹಾಕಿದ ಕರ್ಚೀಫನ್ನು ಗ್ಯಾಸ್ ಒಲೆ ಒರೆಸಲು ಇಟ್ಟುಕೊಂಡವರು ಅವರು. ಹೆತ್ತವರಿಗೆ ಮಕ್ಕಳ ಪ್ರತಿಭೆ ಯಾವತ್ತೂ ಗೊತ್ತಾಗುವುದಿಲ್ಲ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ರಮಣ ಅದೇ ವಾರ ವಿಶಾಖಪಟ್ಟಣದ ಪೆದ್ದತ್ತಯ್ಯನಿಗೆ, ಅಂದರೆ ನಮ್ಮ ಅತ್ತಯ್ಯನ ಅಕ್ಕನಿಗೆ, ಫೋನ್ ಮಾಡಿ ಹಾಸಿನಿಯ ರವಿಕೆಗೆ ನನ್ನ ಹೆಂಡತಿಯೇ ನವಿಲು ಹಾಕುತ್ತಾಳೆ ಎಂದುಬಿಟ್ಟರು. ಹಾಸಿನಿ ಪೆದ್ದತ್ತಯ್ಯನ ಮೊಮ್ಮಗಳು. ಅವಳಿಗೆ ಲಂಗದ ಮೇಲೆ ಮೊದಲ ಸಲ ಓಣಿ ಉಡಿಸುವ ಸಮಾರಂಭ ಹತ್ತಿರದಲ್ಲಿತ್ತು. ನಮ್ಮ ಕಡೆ ದಾವಣಿ ಎನ್ನುವುದೇ ಇಲ್ಲಿ ಓಣಿ. ಆದರೆ ಇಲ್ಲಿ ಅದಕ್ಕೆ ಮದುವೆಗೆ ಕರೆದ ಹಾಗೆ ಜನ ಕರೆಯುತ್ತಾರೆ. ಪೆದ್ದತ್ತಯ್ಯನ ವಿಷಯ ಹೇಳಬೇಕೆಂದರೆ, ಅವರು ಕೈ ಕಸೂತಿಯಲ್ಲಿ ಹೆಸರಾದವರು. ಸೀರೆ ಅಂಗಡಿಗೆ ಹೋದರೂ ಮೊದಲು ಸೀರೆಯನ್ನು ಮಗುಚಿ ಅದರ ಬೆನ್ನು ನೋಡುವವರು. ಮುಖ ಯಾರು ಬೇಕಾದರೂ ತೊಳೆದುಕೊಳ್ಳಬಹುದು, ಬೆನ್ನು ಸುಳ್ಳು ಹೇಳುವುದಿಲ್ಲ ಎನ್ನುವುದು ಅವರ ಮಾತು. ಸಂತೋಷ, ಸಮಾರಂಭಕ್ಕೆ ಮೊದಲು ಒಮ್ಮೆ ಬಂದು ಹೋಗಲಿ, ಬರುವಾಗ ಒಂದು ನವಿಲು ಮಾಡಿ ತರಲಿ, ನೋಡಿ ಹೇಳುತ್ತೇನೆ ಎಂದರಂತೆ. ಕನ್ನಡದ ಸೊಸೆ ಎಂದು ಆ ಮನೆಯಲ್ಲಿ ನನಗೆ ಪ್ರೀತಿಗೇನೂ ಕೊರತೆಯಿಲ್ಲ. ಕೊರತೆ ಇದ್ದದ್ದು ಗೌರವಕ್ಕೆ, ಅದನ್ನು ಈ ಒಂದು ನವಿಲಿನಲ್ಲಿ ಗಳಿಸಿಬಿಡಬೇಕು ಎಂದು ನನಗೆ ಆಸೆಯಾಯಿತು.

ಮೊದಲ ನವಿಲು ಹುಟ್ಟಿದ್ದು ಶ್ರಾವಣ ಶುಕ್ರವಾರದ ಮಧ್ಯಾಹ್ನ. ಸಂಜೆ ಹೆಂಗಸರು ವಾಯನಕ್ಕೆ, ಅಂದರೆ ನಮ್ಮ ಕಡೆಯ ಬಾಗಿನಕ್ಕೆ, ಬರುವವರಿದ್ದರು. ಅತ್ತಯ್ಯ ಅಡುಗೆಮನೆಯಲ್ಲಿ ನೆನೆಸಿದ ಕಡಲೆ ಬಸಿಯುತ್ತಿದ್ದರು. ನಾನು ಅವರೇ ಹಬ್ಬಕ್ಕೆ ಕೊಡಿಸಿದ್ದ ನೇರಳೆ ಬಣ್ಣದ ಸೀರೆ ಉಟ್ಟು, ಜನ ಬರುವುದರೊಳಗೆ ಒಂದು ನವಿಲು ಮುಗಿಸೋಣ ಎಂದು ಬೀರುವಿನಿಂದ ಕೆಂಪು ಬ್ಲೌಸ್ ಪೀಸ್ ತೆಗೆದು ಫ್ರೇಮಿಗೆ ಹಾಕಿದೆ. ಬಟ್ಟೆಯ ಅಡಿಗೆ ದಪ್ಪ ಪೇಪರ್ ಇಡಬೇಕು, ಇಲ್ಲದಿದ್ದರೆ ಬಟ್ಟೆ ಸುಕ್ಕಾಗಿ ಎಳೆದುಕೊಳ್ಳುತ್ತದೆ ಎಂದು ಇಂದು ನಿಮಗೆ ಹೇಳಬಲ್ಲೆ. ಅಂದು ಮಾತ್ರ ಯಂತ್ರದ ಜೊತೆ ಬಂದಿದ್ದ ಆ ಪೇಪರಿನ ಸುರುಳಿಯನ್ನು ಪ್ಯಾಕಿಂಗ್ ಕಸ ಎಂದುಕೊಂಡು ಆಚೆಗೆಸೆದಿದ್ದೆ. ನವಿಲಿನ ಹೊಟ್ಟೆ ಚೆನ್ನಾಗಿಯೇ ಮೂಡಿತು. ಖುಷಿಯಲ್ಲಿ ಬಗ್ಗಿ ನೋಡಿದೆ. ಬಗ್ಗಿದಾಗ ನನ್ನ ಸೆರಗು ಫ್ರೇಮಿನ ಅಡಿಗೆ ಹೋಯಿತು. ಯಂತ್ರ ಹೇಳಿದ್ದನ್ನು ಮಾಡುತ್ತದೆಯೇ ಹೊರತು ಅಡಿಯಲ್ಲಿ ಯಾರಿದ್ದಾರೆ ಎಂದು ವಿಚಾರಿಸುವುದಿಲ್ಲ. ನವಿಲನ್ನೂ ನನ್ನನ್ನೂ ಸೇರಿಸಿ ಹೊಲಿಯಿತು. ಕಾಲಿಂಗ್ ಬೆಲ್ ಆಗಿ ನಾನು ಎದ್ದರೆ ಯಂತ್ರವೂ ನನ್ನ ಹಿಂದೆ ಹೊರಟಿತು. ಬೇರೆ ದಾರಿ ಕಾಣದೆ ಕತ್ತರಿ ತೆಗೆದುಕೊಂಡು ಹೊಸ ಸೀರೆಯ ಸೆರಗನ್ನೇ ಕತ್ತರಿಸಿ ಬಿಡಿಸಿಕೊಂಡೆ. ನವಿಲಿನ ಬೆನ್ನಿಗೆ ಒಂದು ನೇರಳೆ ತುಂಡು ಅಂಟಿಕೊಂಡೇ ಉಳಿಯಿತು. ಜಗ್ಗಾಟದಲ್ಲಿ ಕತ್ತು ತಿರುಚಿ ಹಿಂದಕ್ಕೆ ಹೋಗಿತ್ತು, ಬಾಬಿನ್ನಿನ ದಾರ ಮುಗಿದು ಒಂದು ಕಾಲು ಬಂದೇ ಇರಲಿಲ್ಲ. ತನ್ನ ಬಾಲ ಎಲ್ಲಿ ಹೋಯಿತೆಂದು ಒಂಟಿಕಾಲಿನಲ್ಲಿ ನಿಂತು ಹುಡುಕುವ ನವಿಲು ಅದು. ಮಡಚಿ ಯಂತ್ರದ ಪಕ್ಕ ಇಟ್ಟು, ಸೆರಗಿನ ತೂತನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಬಾಗಿಲಿಗೆ ಓಡಿದೆ.

ಬ್ಲೌಸ್ ಪೀಸಿನ ಜಾತಕ ಹೆಂಗಸರಿಗೆಲ್ಲ ಗೊತ್ತು. ಒಬ್ಬರು ಅರಿಶಿನ ಕುಂಕುಮದ ಜೊತೆ ಕೊಟ್ಟದ್ದನ್ನು ಇನ್ನೊಬ್ಬರಿಗೆ, ಅವರು ಮತ್ತೊಬ್ಬರಿಗೆ. ಹೊಲಿಸಿಕೊಳ್ಳುವವರು ಯಾರೂ ಇಲ್ಲ, ಬಿಸಾಡುವವರೂ ಇಲ್ಲ. ಅದಕ್ಕೆ ಸಾವಿಲ್ಲ, ಬರೀ ಪ್ರಯಾಣ. ಆ ಸಂಜೆ ಜನ ಹೆಚ್ಚಾಗಿ ಪೀಸುಗಳು ಸಾಲದೆ ಬಂದಾಗ ಅತ್ತಯ್ಯ, ಕನ್ನಡಕ ಇಲ್ಲದ ಕಣ್ಣಿನಲ್ಲಿ, ಯಂತ್ರದ ಪಕ್ಕ ಮಡಚಿಟ್ಟಿದ್ದ ಕೆಂಪು ಪೀಸನ್ನು ಎತ್ತಿ ಕಡಲೆ ಬಾಳೆಹಣ್ಣಿನ ಮೇಲಿಟ್ಟು ಲಲಿತಗಾರು ಎಂಬ ನಮ್ಮ ಪರಿಚಯದವರ ಮಡಿಲಿಗೆ ಹಾಕಿಬಿಟ್ಟರು. ನನಗೆ ಗೊತ್ತಾಗುವ ಹೊತ್ತಿಗೆ ಲಲಿತಗಾರು ಆಟೋ ಹತ್ತಿ ಹೋಗಿದ್ದರು. ಹೋದರೆ ಹೋಗಲಿ, ಬಣ್ಣ ಚೆನ್ನಾಗಿತ್ತಲ್ಲ, ಪರ್ವಾಲೇದು ಎಂದರು ಅತ್ತಯ್ಯ.

ಕೊಟ್ಟ ವಾಯನವನ್ನು ವಾಪಸ್ ಕೇಳುವ ಹಾಗಿಲ್ಲ. ಹಾಗೆಂದು ನವಿಲನ್ನು ಊರ ಮೇಲೆ ಬಿಡುವುದೂ ನನ್ನಿಂದ ಆಗಲಿಲ್ಲ. ಎರಡು ವಾರ ಒದ್ದಾಡಿ, ಕೊನೆಗೆ ಸುಮ್ಮನೆ ಮಾತಾಡಿಸಲು ಬಂದೆ ಎಂದು ಲಲಿತಗಾರು ಅವರ ಮನೆಗೆ ಹೋದೆ. ಮಾತಿನ ನಡುವೆ ಕೆಂಪು ಪೀಸಿನ ಸುದ್ದಿ ತೆಗೆದರೆ, ಬಹಳ ಮುದ್ದಾಗಿತ್ತಮ್ಮಾ, ಗವರ್ನರ್‌ಪೇಟೆಯ ನಮ್ಮ ವದಿನೆಗೆ ಕೊಟ್ಟೆ ಎಂದರು. ವದಿನೆ ಎಂದರೆ ಅತ್ತಿಗೆ. ಬಂದ ಮುತ್ತೈದೆಯನ್ನು ಬರಿಗೈಯಲ್ಲಿ ಕಳಿಸಬಾರದೆಂದು ನನಗೊಂದು ಹಸಿರು ಪೀಸ್ ಕೊಟ್ಟರು. ಗವರ್ನರ್‌ಪೇಟೆಯ ಟ್ರಾಫಿಕ್ಕಿನಲ್ಲಿ ಬೆಂದು ಆ ವದಿನೆಯ ಮನೆ ತಲುಪಿದರೆ, ಅವರು ನನ್ನನ್ನು ಕೂರಿಸಿ, ಉಪ್ಮಾ ತಿನ್ನಿಸಿ, ಹಳದಿ ಪೀಸ್ ಕೊಟ್ಟು, ಆ ಕೆಂಪಿನದು ವೈಜಾಗಿಗೆ ಹೋಯಿತು ಎಂದರು. ಯಾರಿಗೆ ಎಂದೆ. ನಿಮ್ಮ ಪೆದ್ದತ್ತಯ್ಯನಿಗೇ, ನಮಗೆ ಹಳೆಯ ಪರಿಚಯವಲ್ಲವೇ, ಹೋದ ವಾರ ಅವರ ಮನೆಗೆ ಹೋಗಿದ್ದಾಗ ಕೊಟ್ಟೆ ಎಂದರು.

ವಿಜಯವಾಡದ ಬೆಟ್ಟದ ದೇವಿ, ಇಂದ್ರಕೀಲಾದ್ರಿಯ ಅಮ್ಮನಿಗೆ ಹರಕೆ ಹೊತ್ತೆ. ಪೆದ್ದತ್ತಯ್ಯನ ಬೀರುವಿನಲ್ಲಿ ಆ ಪೀಸ್ ಮಡಿಕೆ ಬಿಚ್ಚದೆ ಮಲಗಿರಲಿ ತಾಯಿ, ನನ್ನ ಮೊದಲ ನೆಟ್ಟಗಿನ ನವಿಲು ನಿನಗೇ ಎಂದೆ. ಒಂದನ್ನು ಹುಡುಕಲು ಹೋಗಿ ಸಂಪಾದಿಸಿದ ಪೀಸುಗಳ ಮೇಲೆ ಅಭ್ಯಾಸಕ್ಕೆ ಕೂತೆ. ಪೇಪರ್ ಕೊಂಡೆ, ಬಟ್ಟೆಯನ್ನು ಬಿಗಿಯಾಗಿ ಎಳೆಯುವುದನ್ನು ಕಲಿತೆ, ಸೀರೆ ಬಿಟ್ಟು ಚೂಡಿದಾರಕ್ಕೆ ಬಂದೆ, ದುಪ್ಪಟ್ಟಾವನ್ನು ಬಾಗಿಲಿಗೆ ನೇತುಹಾಕಿದೆ. ಹಸಿರಿನ ಮೇಲಿನ ನವಿಲು ಕೋಳಿಯಾಯಿತು. ಹಳದಿಯದು ನವಿಲೇ ಆಯಿತು. ಅದನ್ನು ಕೈಯಲ್ಲಿ ಹಿಡಿದು ಮನೆಯೆಲ್ಲ ಓಡಾಡಿದೆ, ಸ್ನಾನಕ್ಕೆ ಹೋಗಿದ್ದ ರಮಣನಿಗೂ ಬಾಗಿಲಾಚೆಯಿಂದಲೇ ವರ್ಣಿಸಿದೆ. ಅಷ್ಟು ಸಂತೋಷವನ್ನು ನಾನು ಪರೀಕ್ಷೆ ಪಾಸಾದಾಗಲೂ ಪಟ್ಟಿರಲಿಲ್ಲ. ಹರಕೆಯಂತೆ ಅದನ್ನು ಬೆಟ್ಟದ ಅಮ್ಮನಿಗೆ ಒಪ್ಪಿಸಿ, ಅದರ ತಂಗಿಯೊಂದನ್ನು ಮಾಡಿಕೊಂಡು ವಿಶಾಖಪಟ್ಟಣದ ರೈಲು ಹತ್ತಿದೆವು. ಹಬ್ಬದ ಸೀರೆ ಒಂದು ಸಲ ಉಟ್ಟು ಒಳಗಿಟ್ಟೆಯಲ್ಲ, ಅಕ್ಕ ನೋಡಲಿ ಎಂದು ಅತ್ತಯ್ಯ ಹಟ ಹಿಡಿದಿದ್ದರಿಂದ ಆ ನೇರಳೆ ಸೀರೆಯನ್ನೇ, ತೂತನ್ನು ಮಡಿಕೆಯಲ್ಲಿ ಅಡಗಿಸಿ ಉಟ್ಟಿದ್ದೆ.

ಪೆದ್ದತ್ತಯ್ಯನ ಮನೆ ಸಮುದ್ರದ ಕಡೆಗಿದೆ. ಗಾಳಿ ಎಷ್ಟೆಂದರೆ ಸೆರಗು ಮೈಮೇಲೆ ನಿಲ್ಲದು. ನಾನು ಒಂದು ಕೈಯಲ್ಲಿ ಸೆರಗನ್ನು ಅವುಚಿಕೊಂಡೇ ಕಾಫಿ ಕುಡಿದೆ. ನನ್ನ ಹೊಸ ನವಿಲನ್ನು ಅವರು ನಿರೀಕ್ಷೆಯಂತೆ ಮೊದಲು ಮಗುಚಿದರು, ಉಗುರಿನಿಂದ ದಾರ ಕೆರೆದರು, ಬಾಗುಂದಿ ಎಂದರು. ಅವರ ಬಾಯಿಂದ ಅದು ಪದ್ಮಶ್ರೀ ಇದ್ದ ಹಾಗೆ. ನಾನು ರಮಣನ ಕಡೆ ಗೆದ್ದ ಮುಖದಲ್ಲಿ ನೋಡುತ್ತಿದ್ದಾಗಲೇ ಹಾಸಿನಿ, ಇದು ಚೆನ್ನಾಗಿದೆ ಅಮ್ಮಮ್ಮಾ, ಆದರೆ ನನಗೆ ಅದೇ ಬೇಕು ಎಂದಳು. ಬೀರುವಿನಿಂದ ಕೆಂಪು ಪೀಸ್ ಹೊರಬಂತು. ಒಂಟಿಕಾಲು, ತಿರುಚಿದ ಕತ್ತು, ಎಲ್ಲ ಹಾಗೇ ಇತ್ತು. ಎಷ್ಟು ಮುದ್ದಾಗಿ ತಿರುಗಿ ನೋಡುತ್ತಿದೆ ಎಂದು ಹಾಸಿನಿ ಅದನ್ನು ತೋಳಿಗೆ ಹಿಡಿದು ಕನ್ನಡಿಯ ಮುಂದೆ ನಿಂತಳು. ಪೆದ್ದತ್ತಯ್ಯ ತಮ್ಮ ತೆಲುಗಿನಲ್ಲಿ ಎಲ್ಲರಿಗೂ ಕೇಳುವಂತೆ, ಇದನ್ನು ಮಾಡಿದ್ದು ಯಂತ್ರವಲ್ಲ, ಇಂಥ ಕತ್ತು ಹಾಕುವ ಧೈರ್ಯ ಯಂತ್ರಕ್ಕೆ ಬರುವುದಿಲ್ಲ ಎಂದರು. ನಾನು ಜೋರಾಗಿ ತಲೆಯಾಡಿಸಿದೆ.

ಹೊರಡುವ ಮೊದಲು ಕುಂಕುಮಕ್ಕೆಂದು ನನ್ನೊಬ್ಬಳನ್ನೇ ಒಳಗೆ ಕರೆದರು. ಕುಂಕುಮ ಇಟ್ಟು, ಕೆಂಪು ಪೀಸನ್ನು ಮಗುಚಿ, ನನ್ನ ಸೆರಗಿನ ಮಡಿಕೆಯನ್ನು ಮೆಲ್ಲಗೆ ಬಿಡಿಸಿ, ನವಿಲಿನ ಬೆನ್ನಿನ ನೇರಳೆ ತುಂಡನ್ನು ತೂತಿನ ಮೇಲಿಟ್ಟರು. ಸರಿಯಾಗಿ ಕೂತಿತು. ನನಗೆ ನಾಚಿಕೆಯಲ್ಲಿ ಅಳು ಬರಬೇಕಿತ್ತು, ನಗು ಬಂತು. ಅವರೂ ನಕ್ಕರು, ಇಬ್ಬರೂ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕೆವು.

"ಒಂದು ತೋಳಿನದು ಆಯ್ತಲ್ಲ ಅಮ್ಮಾಯ್," ಎಂದರು, "ಇನ್ನೊಂದು ತೋಳಿಗೂ ಹೀಗೇ ಹಾಕಿ ತಾ."

ಎಲೆ, ಅಡಿಕೆ, ಬಾಳೆಹಣ್ಣಿನ ಜೊತೆ ಆ ಪೀಸ್ ನನ್ನ ಮಡಿಲಿಗೇ ವಾಪಸ್ ಬಂತು. ಸಮಾರಂಭ ಹತ್ತಿರ ಬಂದಿದೆ, ನಾನು ದಿನವೂ ಯಂತ್ರದ ಮುಂದೆ ಕೂರುತ್ತೇನೆ. ಪೇಪರ್ ತೆಗೆದು ನೋಡಿದೆ. ಬಟ್ಟೆ ಸಡಿಲ ಬಿಟ್ಟು ನೋಡಿದೆ. ಅರ್ಧಕ್ಕೆ ಹಳೆಯ ಸೀರೆಯ ಸೆರಗೊಂದನ್ನು ಅಡಿಗೆ ತುರುಕಿ ಜಗ್ಗಿಯೂ ನೋಡಿದೆ. ನವಿಲು ಎರಡು ಕಾಲಿನ ಮೇಲೆ, ಕತ್ತು ನೆಟ್ಟಗೆ, ಮುಂದೆ ನೋಡುತ್ತಾ ನಿಲ್ಲುತ್ತದೆ. ಎಷ್ಟು ಹೇಳಿದರೂ ಯಂತ್ರ ನನ್ನ ಮಾತು ಕೇಳುತ್ತಿಲ್ಲ. ಅಂತೂ ಅದೂ ನಮ್ಮ ಮನೆಯವರಲ್ಲಿ ಒಂದಾಯಿತು.