ಸ್ವೀಡನ್ ಮೇಡಮ್ಮೋರು ಬಂದ ನಾಲ್ಕು ದಿನ

ನಮ್ಮ ನೌಕರೀನಾಗೆ ಯೂನಿಫಾರಂ ಜೊತೆಗೇ ಭಯಾನೂ ಹೊಲಿಸಿ ಕೊಡ್ತಾರೆ. ನಾನು ಜಿಲ್ಲಾಧಿಕಾರಿಗಳ ದಫೇದಾರ. ಬಿಳಿ ಕೋಟು, ತಲೆಗೆ ಜರಿ ಪೇಟ, ಎದೆ ಮೇಲೆ ಅಡ್ಡಡ್ಡ ಕೆಂಪು ಪಟ್ಟಿ, ಅದರ ನಡುವೆ ಹಿತ್ತಾಳೆ ಬಿಲ್ಲೆ. ಸಾಹೇಬ್ರ ಕಾರಿನ ಬಾಗಿಲು ತೆಗೆಯೋದು, ಅವರಿಗಿಂತ ನಾಕು ಹೆಜ್ಜೆ ಮುಂದೆ ನಡ್ದು ದಾರಿ ಬಿಡ್ಸೋದು, ಚೇಂಬರಿನ ಬಾಗಿಲಾಗೆ ನಿಂತ್ಕಳೋದು. ಇಪ್ಪತ್ತಾರು ವರ್ಷದಿಂದ ಇದೇ ಕೆಲಸ. ಎಷ್ಟೋ ಸಾಹೇಬ್ರು ಬಂದ್ರು, ಹೋದ್ರು, ನನ್ನ ಎದೆ ಮಾತ್ರ ಇವತ್ತಿಗೂ ಬೆಲ್ಲು ಹೊಡೆದ್ರೆ ಢವಢವ ಅಂತೈತೆ. ಹೆದರಿಕಂಡೋನ ಕೈಯಾಗೇ ಎಡವಟ್ಟು ಜಾಸ್ತಿ ಆಗೋದು. ನನ್ನ ಕೈಯಾಗೆ ಆಗಿರೋವು ಒಂದೆರಡಲ್ಲ. ಆದ್ರೆ ಆ ನಾಲ್ಕು ದಿನದಾಗೆ ಆದಷ್ಟು ಜನ್ಮದಾಗೆ ಆಗಿಲ್ಲ ಬಿಡ್ರಿ.

ಸ್ವೀಡನ್ ದೇಶದಿಂದ ಒಬ್ಬ ಮೇಡಮ್ಮೋರು ನಮ್ಮ ಕಡೆ ಹಳೇ ಕೆರೆ ನೋಡೋಕೆ ಬರ್ತಾರೆ ಅಂತ ಬೆಂಗಳೂರಿಂದ ಪತ್ರ ಬಂತು. ಅಲ್ಲಿ ಒಂದು ಜಿಲ್ಲೆಗೆ ಆಯಮ್ಮನೇ ದೊಡ್ಡೋರಂತೆ, ಇಲ್ಲಿ ನಮ್ಮ ಸಾಹೇಬ್ರು ಹೆಂಗೋ ಹಂಗೆ. ನಮ್ಮ ಸಾಹೇಬ್ರು ಆಗ ಹೊಸದಾಗಿ ಬಂದಿದ್ರು. ಮಾತು ಕಮ್ಮಿ, ನೋಡೋದು ಜಾಸ್ತಿ. ಅಂಥೋರನ್ನ ಕಂಡ್ರೆ ನಂಗೆ ಇನ್ನೂ ಭಯ.

ಒಂದು: ಚಿತ್ರದುರ್ಗ

ಬೆಳಿಗ್ಗೆ ಹತ್ತಕ್ಕೆ ಕಚೇರಿ ಗೇಟಿನಾಗೆ ನಿಂತಿದ್ದೆ. ಒಳಗೆ ಹಾರ, ಹಣ್ಣಿನ ಬುಟ್ಟಿ, ಸಾಲಾಗಿ ಹನ್ನೆರಡು ಜನ ಅಧಿಕಾರಿಗಳು. ಮೇಡಮ್ಮೋರು ಇಳ್ಕಂಡಿದ್ದ ಐಬಿಗೆ ಕಾರು ಕಳ್ಸಿದ್ವಿ. ಕಾರು ಬಂದ ಕೂಡ್ಲೇ ಬಾಗಿಲು ತೆಗೀಬೇಕು, ತಡ ಆಗಬಾರದು ಅಂತ ರಸ್ತೆ ಮೇಲೇ ಕಣ್ಣಿಟ್ಟಿದ್ದೆ. ಅಷ್ಟರಾಗೆ ಬೆನ್ನಿಗೊಂದು ಬ್ಯಾಗು, ಕಾಲಿಗೆ ಕ್ಯಾನ್ವಾಸ್ ಶೂ ಹಾಕ್ಕಂಡು ಒಬ್ಬ ಎತ್ತರದ ಬಿಳಿ ಹೆಂಗಸು ನಡ್ಕಂಡು ಬಂದು, ನಕ್ಕು, ನಂಗೆ ಕೈ ಚಾಚಿದ್ರು.

ನಮ್ಮೂರಿಗೆ ಕೋಟೆ ನೋಡೋಕೆ ಇಂಥೋರು ಬರ್ತಾನೇ ಇರ್ತಾರೆ. "ಫೋರ್ಟ್ ದಟ್ ಸೈಡ್ ಅಮ್ಮ. ದಿಸ್ ಆಫೀಸ್" ಅಂದು ಬೆರಳು ತೋರ್ಸಿದೆ. ಆಯಮ್ಮ ಏನೋ ಹೇಳೋಕೆ ಬಂದ್ರು. ನಂಗೋ ಗಾಬರಿ. ಈಗ ಕಾರು ಬಂದುಬಿಟ್ರೆ ಇವರು ದಾರಿಗೆ ಅಡ್ಡ ನಿಂತವ್ರಲ್ಲಪ್ಪ! ಗೇಟಿನ ಪೊಲೀಸಿನೋನಿಗೆ ಕಣ್ಸನ್ನೆ ಮಾಡಿದೆ. ಅವನು ಓಡಿಹೋಗಿ ಆಟೋ ನಿಲ್ಸಿ, ಆಯಮ್ಮನ್ನ ಹತ್ತಿಸಿ ಕೋಟೆಗೆ ಕಳ್ಸಿದ.

ಹತ್ತು ನಿಮಿಷಕ್ಕೆ ಕಾರು ಬಂತು. ನಡು ಬಗ್ಗಿಸಿ ಬಾಗಿಲು ತೆಗೆದೆ. ಒಳಗಿಂದ ಇಳಿದಿದ್ದು ಬೆಂಗಳೂರಿನ ದುಭಾಷಿ ಹೆಣ್ಣುಮಗಳು ಒಬ್ಬಳೇ. "ಮೇಡಂ ಆಗಲೇ ನಡ್ಕೊಂಡು ಬಂದ್ರಂತಲ್ಲ, ಎಲ್ಲಿದ್ದಾರೆ?" ಅಂದಳು.

ಆಟೋ ಹತ್ತಿಸಿ ಕಳ್ಸಿದ್ದು ನಾನೇ ಅಂತ ಬಾಯಿ ಬಿಡೋ ಧೈರ್ಯ ಬರ್ಲಿಲ್ಲ. ಒಂದೂವರೆ ಗಂಟೆ ಸಾಹೇಬ್ರು ಹಾರ ಹಿಡ್ಕಂಡು ನಿಂತ್ರು. ಆಮೇಲೆ ಮೇಡಮ್ಮೋರು ಬಿಸಿಲಿಗೆ ಕೆಂಪಗಾಗಿ, ಉಪ್ಪುಕಾರ ಹಚ್ಚಿದ ಸೌತೆಕಾಯಿ ತಿನ್ಕಂತಾ ಅದೇ ಆಟೋದಾಗೆ ಬಂದ್ರು. ದುಭಾಷಿ ಹೇಳಿದಳು, "ಸಭೆಗೆ ಮೊದಲೇ ಕೋಟೆ ತೋರಿಸಿದ್ದು ಬಹಳ ಒಳ್ಳೇ ಏರ್ಪಾಡು ಅಂತಿದ್ದಾರೆ."

"ಯಾರು ಮಾಡಿದ ಏರ್ಪಾಡು?" ಅಂದ್ರು ಸಾಹೇಬ್ರು.

ಮೇಡಮ್ಮೋರು ನಗ್ತಾ ನನ್ನ ಕಡೆ ಕೈ ತೋರ್ಸಿದ್ರು.

ಸಾಹೇಬ್ರು ನನ್ನನ್ನ ಅಡಿಯಿಂದ ಮುಡಿವರೆಗೂ ನೋಡಿ, ಪಕ್ಕದಾಗಿದ್ದ ಶಿರಸ್ತೇದಾರ್ರಿಗೆ ಮೆಲ್ಲಗೆ ಅಂದ್ರು, "ಇವರನ್ನ ವರ್ಗ ಮಾಡೋ ಫೈಲ್ ಇಡಿ. ದೂರಕ್ಕೇ ಆಗಲಿ."

ಜೀವ ಬಾಯಿಗೆ ಬಂತು. ನಮ್ಮವ್ವ ಲಕ್ವ ಹೊಡೆದು ಹಾಸಿಗೆ ಹಿಡಿದು ಎರಡು ವರ್ಷ. ಹೆಂಡ್ತಿ ಶಾಲೇನಾಗೆ ಬಿಸಿಯೂಟ ಮಾಡೋಕೆ ಹೋಗ್ತಾಳೆ. ಮಧ್ಯಾಹ್ನ ನಾನೇ ಓಡಿಹೋಗಿ ಅವ್ವಂಗೆ ಉಣ್ಸಿ, ಮಗ್ಗುಲು ತಿರುಗ್ಸಿ ಬರ್ತೀನಿ. ಮನೆ ಹತ್ತು ನಿಮಿಷದ ದಾರಿ. ದೂರದ ತಾಲ್ಲೂಕಿಗೆ ಹಾಕಿದ್ರೆ ಅವಳ ಬಾಯಿಗೆ ಅನ್ನ ಇಡೋರು ಯಾರು?

ನಾನು ಹಿಂಗೆ ಒಳಗೊಳಗೇ ಅಳ್ತಿದ್ರೆ, ಮೇಡಮ್ಮೋರು ಸೌತೆಕಾಯಿ ಮುರಿದು ಅರ್ಧ ನನ್ನ ಕೈಗಿಟ್ಟು ತಿನ್ನು ಅಂತ ಸನ್ನೆ ಮಾಡಿದ್ರು. ಬ್ಯಾಡ ಅನ್ನೋ ಹಂಗಿಲ್ಲ, ವಿದೇಶಿ ಅತಿಥಿ. ತಿನ್ನೋ ಹಂಗಿಲ್ಲ, ಎದುರಿಗೆ ಸಾಹೇಬ್ರು. ಕಣ್ಣು ಮುಚ್ಕಂಡು ಕರುಂ ಕರುಂ ಅಂತ ತಿಂದೆ. ಹನ್ನೆರಡು ಜನ ಅಧಿಕಾರಿಗಳು ಆ ಸದ್ದನ್ನ ನಿಂತ್ಕಂಡು ಕೇಳಿದ್ರು.

ಎರಡು: ಹೊಳಲ್ಕೆರೆ

ಮಾರನೇ ದಿನ ತಾಳ್ಯದ ಹತ್ರ ಒಂದು ಕೆರೆ. ಏರಿ ಮೇಲೆ ಶಾಮಿಯಾನ ಹಾಕ್ಸಿ ಕುರ್ಚಿ ಇಡ್ಸಿದ್ರು. ಮೇಡಮ್ಮೋರು ಕುರ್ಚಿ ಕಡೆ ತಿರುಗೂ ನೋಡದೆ ಏರಿಯ ಕಲ್ಲಿನ ಮೇಲೆ ಕಾಲು ಇಳಿಬಿಟ್ಟು ಕುಂತ್ರು.

ಅತಿಥಿ ಕಲ್ಲಿನ ಮೇಲೆ ಕುಂತ ಮೇಲೆ ಸಾಹೇಬ್ರು ಕುರ್ಚಿ ಮೇಲೆ ಕುಂದ್ರೋಕಾಗ್ತೈತಾ? ಅವರೂ ಪಕ್ಕದಾಗೆ ಕುಂತ್ರು. ಸಾಹೇಬ್ರ ಸಮಕ್ಕೆ ತಹಶೀಲ್ದಾರ್ರು ಕುಂದ್ರೋಕಾಗ್ತೈತಾ? ಅವರು ಒಂದು ಕಲ್ಲು ಕೆಳಗೆ. ಅವರಿಗಿಂತ ಒಂದು ಕಲ್ಲು ಕೆಳಗೆ ರೆವಿನ್ಯೂ ಇನ್ಸ್‌ಪೆಕ್ಟ್ರು. ಎಲ್ಲರಿಗಿಂತ ಕೆಳಗೆ, ಕೆರೆ ನಕ್ಷೆ ಹಿಡ್ಕಂಡು ಗ್ರಾಮಲೆಕ್ಕಿಗ. ಅವನ ಬೂಟು ನೀರಿಗೆ ತಾಗ್ತಿತ್ತು.

ನಕ್ಷೆ ಸರಿಯಾಗಿ ಕಾಣ್ಲಿಲ್ಲ ಅಂತ ಮೇಡಮ್ಮೋರು ಒಂದು ಕಲ್ಲು ಇಳಿದ್ರು. ಸಾಹೇಬ್ರು ಒಂದು ಇಳಿದ್ರು. ತಹಶೀಲ್ದಾರ್ರು ಇಳಿದ್ರು. ಇನ್ಸ್‌ಪೆಕ್ಟ್ರು ಇಳಿದ್ರು. ಲೆಕ್ಕಿಗ ಮೊಣಕಾಲುದ್ದ ನೀರಿಗೆ ಹೋದ. ಪಾಪ, ನಕ್ಷೆ ಇನ್ನೂ ದೂರ ಆಯ್ತಲ್ಲ ಅಂತ ಆಯಮ್ಮ ಮತ್ತೆ ಇಳಿದ್ರು. ಮತ್ತೆ ಎಲ್ಲರೂ ಇಳಿದ್ರು. ಲೆಕ್ಕಿಗ ಸೊಂಟದವರೆಗೂ ಮುಳುಗಿ, ನಕ್ಷೆ ತಲೆ ಮೇಲೆ ಎತ್ತಿ ಹಿಡ್ಕಂಡು, "ಕಾಣ್ತೈತಾ ಸಾರ್?" ಅಂದ.

ನಾನೊಬ್ಬನೇ ಏರಿ ಮೇಲೆ ಸೆಟೆದು ನಿಂತಿದ್ದೆ. ದಫೇದಾರ ಕುಂದ್ರೋ ಹಂಗೇ ಇಲ್ಲ. ಮೇಡಮ್ಮೋರು ಕೆಳಗಿಂದ ಕತ್ತೆತ್ತಿ, ಈ ಕೆರೆ ಪೂರ್ತಿ ತುಂಬ್ತದಾ ಅಂತ ನನ್ನನ್ನೇ ಕೇಳಿದ್ರು. ಸಾಹೇಬ್ರ ಮುಖ ಹುಳ್ಳಗಾಗಿದ್ದು ಕಾಣ್ತಿತ್ತು. ಹೆದರಿ ಹೂಂ ಅಂತ ತಲೆ ಆಡ್ಸಿದೆ. ಆಯಮ್ಮ ಅದನ್ನ ಪುಸ್ತಕದಾಗೆ ಬರ್ಕಂಡು, ನೀರಿನಾಗೆ ನಿಂತೋನನ್ನ ತೋರ್ಸಿ ದುಭಾಷಿ ಕಿವೀನಾಗೆ ಏನೋ ಅಂದ್ರು.

"ಅವರು ಆಳ ಅಳೀತಾ ಇದಾರಾ ಅಂತ ಕೇಳ್ತಿದ್ದಾರೆ ಸರ್."

"ಹೌದು ಅನ್ನಿ" ಅಂದ್ರು ಸಾಹೇಬ್ರು.

ಮೂರು: ಹೊಸದುರ್ಗ

ಮೂರನೇ ದಿನ ಹೊಸದುರ್ಗದ ಹತ್ರ ಒಂದು ಹಳ್ಳಿ ಕಟ್ಟೆ ಮೇಲೆ ಜನರ ಜೊತೆ ಮಾತು. ಮೇಡಮ್ಮೋರು ತಮ್ಮ ಕಡೆ ಹೆಂಗೆ ಅಂತ ಹೇಳಿದ್ರು. ಕಚೇರಿಗೆ ಸೈಕಲ್ ಮೇಲೆ ಹೋಗ್ತಾರಂತೆ. ಕಾಫಿ ತಾವೇ ಬಗ್ಗಿಸ್ಕಂಡು ಕುಡ್ದು ಲೋಟಾನೂ ತಾವೇ ತೊಳೀತಾರಂತೆ. ಒಳಗೆ ಬಂದ್ರೆ ಯಾರೂ ಎದ್ದು ನಿಲ್ಲಲ್ವಂತೆ. ದಾರಿಹೋಕ ಬಂದು ಇವರ ಕಚೇರಿಗೆ ಬಂದ ಪತ್ರ ತೋರ್ಸು ಅಂದ್ರೂ ತೋರಿಸ್ಬೇಕಂತೆ.

ಕುರಿ ಕಾಯೋ ಒಬ್ಬ ಅಜ್ಜ ಕಂಬಳಿ ಹೊದ್ದು ಮುಂದೇ ಕುಂತಿದ್ದ. "ಅಲ್ಲವ್ವಾ, ನಿನ್ನ ಕಂಡ್ರೆ ಯಾರೂ ಹೆದರಲ್ವಾ?" ಅಂದ.

ಯಾರೂ ಇಲ್ಲ ಅಂತ ಮೇಡಮ್ಮೋರು ನಕ್ಕರು.

"ಬಾಗಿಲಾಗೆ ಇಂಥೋನು ಒಬ್ಬನೂ ನಿಲ್ಲಲ್ವಾ?" ಅಂತ ಅಜ್ಜ ನನ್ನ ಕಡೆ ಕೋಲು ತೋರ್ಸಿದ.

ಇಲ್ಲ ಅಂದ್ರು.

ಅಜ್ಜ ಲೊಚಗುಟ್ಟಿ, "ಅಯ್ಯೋ ಪಾಪ, ಅಷ್ಟು ದೂರದಿಂದ ಬಂದೈತೆ, ನೌಕರಿ ಇನ್ನೂ ಖಾಯಂ ಮಾಡಿಲ್ಲ ಕಣ್ರಪ್ಪ" ಅಂದ. ಎದ್ದು ಬಂದು ತನ್ನ ಅರ್ಜೀನ ಸಾಹೇಬ್ರನ್ನೂ ದಾಟಿ, ಮೇಡಮ್ಮೋರನ್ನೂ ದಾಟಿ, ನನ್ನ ಕೈಗಿಟ್ಟು ಕೈಮುಗಿದ. "ಅಜ್ಜಾ, ಅಲ್ಲಿ ಕೊಡು, ಅಲ್ಲಿ ಕೊಡು" ಅಂತ ನಾನು ಹಲ್ಲು ಕಚ್ಕಂಡು ಅಂದೆ. "ಬಾಗಿಲು ಬಿಡೋನು ನೀನಲ್ವೇನಪ್ಪ, ಅವರು ಕೆಲಸ ಮಾಡ್ಕಣ್ಲಿ ಬಿಡು" ಅಂದ.

ಮೇಡಮ್ಮೋರು ಅದನ್ನೂ ಬರ್ಕಂಡ್ರು.

ನಾಲ್ಕು: ಹಿರಿಯೂರು

ಕೊನೇ ದಿನ ಮಾರಿಕಣಿವೆ ಡ್ಯಾಮು ನೋಡಿಯಾಯ್ತು. ಅಲ್ಲೇ ಬೀಳ್ಕೊಡುಗೆ. ಬೆಳಿಗ್ಗೆ ಹೊರಡೋವಾಗ್ಲೇ ಶಿರಸ್ತೇದಾರ್ರು ನನ್ನ ಕಿವೀನಾಗೆ, "ಫೈಲ್ ಸಾಹೇಬ್ರ ಬ್ಯಾಗಿನಾಗೆ ಐತೆ ಕಣಪ್ಪ. ಸಹಿ ಒಂದೇ ಬಾಕಿ" ಅಂದಿದ್ರು. ಹಿಂದಿನ ದಿನ ಮಧ್ಯಾಹ್ನ ಅವ್ವಂಗೆ ಪಕ್ಕದ ಮನೆಯೋರು ಉಣ್ಸಿದ್ರಂತೆ, ಎರಡು ತುತ್ತಿಗೇ ಸಾಕು ಅಂದಳಂತೆ. ಅದೇ ತಲೇನಾಗೆ ಸುತ್ತುತ್ತಿತ್ತು.

ಮೇಡಮ್ಮೋರು ಮಾತಾಡೋಕೆ ಎದ್ರು. ದುಭಾಷಿ ಒಂದೊಂದೇ ಮಾತು ಕನ್ನಡಕ್ಕೆ ತಂದಳು.

"ನಮ್ಮ ದೇಶದಲ್ಲಿ ಅಧಿಕಾರಿಗಳು ಸರಳವಾಗಿರ್ತಾರೆ ಅಂತ ನನಗೆ ಹೆಮ್ಮೆ ಇತ್ತು. ಇಲ್ಲಿಗೆ ಬಂದ ಮೇಲೆ ಅದು ಹೋಯ್ತು. ಈ ಜಿಲ್ಲೆಯ ಮುಖ್ಯಸ್ಥರನ್ನ ನಾಲ್ಕು ದಿನದಿಂದ ನೋಡ್ತಾ ಇದೀನಿ. ಅವರು ಬಂದರೆ ಎಲ್ಲರೂ ದಾರಿ ಬಿಡ್ತಾರೆ. ಜನ ಅವರ ಕೈಗೇ ಅರ್ಜಿ ಕೊಡ್ತಾರೆ. ಎದೆ ಮೇಲೆ ಸರ್ಕಾರದ ಲಾಂಛನ ಇದೆ. ಆದರೂ..." ಇಲ್ಲಿ ದುಭಾಷಿಯ ದನಿ ಸಣ್ಣಗಾಯ್ತು, "ಆದರೂ ಅವರು ಕುರ್ಚಿ ಮೇಲೆ ಕೂರಲ್ಲ. ತಮ್ಮ ಸಹಾಯಕನ ಕಾರಿನ ಬಾಗಿಲನ್ನ ದಿನಾ ತಾವೇ ತೆಗೀತಾರೆ."

ಇಷ್ಟು ಹೇಳಿ ಮೇಡಮ್ಮೋರು ನನ್ನ ಹತ್ರ ಬಂದು, ಎರಡೂ ಕೈ ಹಿಡಿದು ಕುಲುಕಿದ್ರು.

ಭೂಮಿ ಬಾಯಿ ಬಿಡಬಾರದಾ ತಾಯೀ ಅನ್ನಿಸ್ತು. ಸಹಾಯಕ ಅಂದ್ರೆ ಯಾರು ಅಂತ ಎಲ್ಲರಿಗೂ ಗೊತ್ತಾಗಿತ್ತು. ಯಾರೂ ಆ ಕಡೆ ನೋಡೋ ಧೈರ್ಯ ಮಾಡ್ಲಿಲ್ಲ. ಆಗ ಚಪ್ಪಾಳೆ ಸದ್ದು ಕೇಳ್ತು. ತಿರುಗಿ ನೋಡಿದ್ರೆ ಸಾಹೇಬ್ರು! ಅವರು ತಟ್ಟಿದ ಮೇಲೆ ಎಲ್ಲರೂ ತಟ್ಟಲೇಬೇಕಲ್ಲ, ತಟ್ಟಿದ್ರು.

ಮೇಡಮ್ಮೋರು ಅಷ್ಟಕ್ಕೇ ಬಿಡ್ಲಿಲ್ಲ. ಇವತ್ತಾದ್ರೂ ನೀವು ಕುಂತ್ಕಳ್ರಿ ಅಂತ ನಮ್ಮ ಕಾರಿನ ಹಿಂದಿನ ಬಾಗಿಲು ತಾವೇ ತೆಗೆದು ನಿಂತ್ರು. ನಾನು ಸಾಹೇಬ್ರ ಮುಖ ನೋಡಿದೆ. ಹೊರಡೋ ಹೊತ್ತಿಗೆ ಅತಿಥಿಗೆ ಮುಜುಗರ ಆಗಬಾರದು ಅಂತಲೋ ಏನೋ, ಹತ್ತು ಅಂತ ಕಣ್ಣಾಗೇ ಹೇಳಿ, ತಾವು ಹೋಗಿ ಡ್ರೈವರ್ ಪಕ್ಕ ಕುಂತ್ರು. ನಾನು ಸೀಟಿನ ತುದೀನಾಗೆ, ಕುಂತೂ ಕುಂದರದಂಗೆ ಕುಂತೆ. ಪೇಟ ಕಾರಿನ ಸೂರಿಗೆ ತಾಗ್ತಿತ್ತು, ತೆಗೆಯೋಕೂ ಭಯ.

ಮೇಡಮ್ಮೋರ ಕಾರು ಬೆಂಗಳೂರು ಕಡೆ ತಿರುಗ್ತು, ನಮ್ಮದು ದುರ್ಗದ ಕಡೆ. "ಸಾರ್, ತಪ್ಪಾಯ್ತು ಸಾರ್. ನಿಲ್ಸೋಕೆ ಹೇಳ್ರಿ, ಇಳ್ದು ಬಸ್ಸಿಗೆ ಬರ್ತೀನಿ" ಅಂದೆ. ಅಳು ಬಂದುಬಿಟ್ಟಿತ್ತು. "ನಮ್ಮವ್ವ ಹಾಸಿಗೆ ಹಿಡಿದವಳೆ ಸಾರ್. ಮಧ್ಯಾಹ್ನ ನಾನೇ ಉಣ್ಸೋದು. ದೂರ ಹಾಕ್ಬ್ಯಾಡ್ರಿ."

ಸಾಹೇಬ್ರು ಹಿಂದಕ್ಕೆ ತಿರುಗ್ಲಿಲ್ಲ. ಬ್ಯಾಗು ತೆಗೆದು, ಒಂದು ಫೈಲು ತೊಡೆ ಮೇಲೆ ಬಿಚ್ಚಿ, ಪೆನ್ನಿನ ಮುಚ್ಚಳ ತೆಗೆದ್ರು. ಹಸಿರು ಇಂಕು.

"ನಿಮ್ಮದೇ ಫೈಲು. ಇವತ್ತು ಮುಖ್ಯಸ್ಥರು ನೀವು, ನಾನು ಸಹಾಯಕ. ಏನು ಬರೀಲಿ, ಅಪ್ಪಣೆ ಕೊಡಿ ಸಾಹೇಬ್ರೇ."

ಆಗಲ್ಲ ಅನ್ನೋಣ ಅಂದ್ರೆ ಸಾಹೇಬ್ರಿಗೆ ಎದುರು ಮಾತಾಡ್ದಂಗೆ. ಆಗ್ಲಿ ಅಂದ್ರೆ ಅವ್ವನ ಗತಿ? ಇಪ್ಪತ್ತಾರು ವರ್ಷ ಬಾಗಿಲಾಗೆ ನಿಂತು ನೋಡೀನಿ. ಹೂಂ ಅನ್ನೋಕೂ ಇಷ್ಟ ಇಲ್ಲದ, ಊಹೂಂ ಅನ್ನೋಕೂ ಆಗದ ಫೈಲು ಬಂದ್ರೆ ಎಷ್ಟು ದೊಡ್ಡ ಸಾಹೇಬ್ರಾದ್ರೂ ಅಂಚಿನಾಗೆ ಒಂದೇ ಒಂದು ಮಾತು ಬರೀತಾರೆ. ಆಮೇಲೆ ಆ ಫೈಲು ಟೇಬಲ್ಲಿಂದ ಟೇಬಲ್ಲಿಗೆ ತಿರುಗ್ತಾ ಇರ್ತೈತೆ, ಊರು ಮುಟ್ಟಲ್ಲ. ಹೆಂಗೋ ದನಿ ತೆಗೆದೆ.

"ಚರ್ಚಿಸಿ."

ಸಾಹೇಬ್ರ ಭುಜ ಅಲುಗಾಡೋಕೆ ಶುರುವಾಯ್ತು. ನಾಕು ದಿನದಾಗೆ ಅವರು ನಕ್ಕಿದ್ದು ಅದೇ ಮೊದಲು. ನಗ್ತಾ ನಗ್ತಾನೇ ಆ ಮಾತನ್ನ ಹಂಗೇ ಬರೆದು, ಕೆಳಗೆ ಸಹಿ ಹಾಕಿ, "ಮಧ್ಯಾಹ್ನ ಅರ್ಧ ಗಂಟೆ ಜಾಸ್ತೀನೇ ತಗೊಳ್ಳಿ" ಅಂದ್ರು.

ಆ ಫೈಲು ಇವತ್ತಿಗೂ ಚರ್ಚೆಯಾಗೇ ಐತೆ. ಸಾಹೇಬ್ರಿಗೇ ವರ್ಗ ಆಯ್ತು, ನಂಗಾಗ್ಲಿಲ್ಲ.