ಮೋಶೆಯ ಮಾವ, ನನ್ನ ಮಾವ

ನಾನಿಲ್ಲದಿದ್ದರೆ ಏನೂ ನಡೆಯುವುದಿಲ್ಲ ಎಂಬುದೊಂದು ಕಾಯಿಲೆ. ಇದಕ್ಕೆ ಬೀದರಿನ ಯಾವ ದವಾಖಾನೆಯಲ್ಲೂ ಗುಳಿಗೆ ಸಿಗುವುದಿಲ್ಲ. ಮೈಲೂರಿನ ನಮ್ಮ ಪುಟ್ಟ ಕ್ರೈಸ್ತ ಸಭೆಗೆ ಕಾರ್ಯದರ್ಶಿಯಾದಾಗಿನಿಂದ ಅದು ನನಗೆ ಅಂಟಿಕೊಂಡಿದೆ. ಮೈಕು, ಜಮಖಾನೆ, ಅನ್ನದ ಹಂಡೆ, ಪಾದ್ರಿಗಳ ನೀರಿನ ಲೋಟ, ಎಲ್ಲಕ್ಕೂ ನಾನೇ ಬೇಕು. ಬೇಕು ಎಂದು ಯಾರೂ ಹೇಳಿರಲಿಲ್ಲ, ನಾನೇ ತಿಳಿದುಕೊಂಡಿದ್ದೆ. ಹೀಗಾಗಿ ಪ್ರತಿ ಸುಗ್ಗಿ ಹಬ್ಬದ ಆರಾಧನೆಯಲ್ಲಿ ಮಗಳು ರೂತ್ ಹಾಡುವಾಗ ನಾನು ಚರ್ಚಿನ ಹಿತ್ತಲಲ್ಲಿ ಸಾರಿನ ಉಪ್ಪು ನೋಡುತ್ತಿದ್ದೆ. ಅವಳ ಹಾಡನ್ನು ಒಮ್ಮೆಯೂ ಪೂರ್ತಿ ಕೇಳಿದವನಲ್ಲ.

"ಪಪ್ಪಾ, ಈ ಸಲಾನೂ ನೀವು ಹಂಡೇ ಕಡೀಗೇ ಇರ್ತೀರಿ, ಹೌದಿಲ್ಲ?" ಎಂದು ಈ ವರ್ಷ ಕೇಳಿದಳು. ಸಿಟ್ಟಿನಿಂದಲ್ಲ, ಬಸ್ಸಿನ ವೇಳೆ ವಿಚಾರಿಸುವ ಹಾಗೆ. ಅದೇ ಹೆಚ್ಚು ಚುಚ್ಚಿತು.

ಹಬ್ಬಕ್ಕೆಂದು ಭಾಲ್ಕಿಯಿಂದ ನನ್ನ ಹೆಂಡತಿಯ ತಂದೆ ಬಂದಿದ್ದರು. ಜಮಖಾನೆ ಎಲ್ಲಿ ಹಾಸಲಿ, ಬೇಳೆ ಯಾವಾಗ ನೆನೆಹಾಕಲಿ ಎಂದು ನಮ್ಮ ಪಡಸಾಲೆಗೆ ಬಂದುಹೋಗುವವರನ್ನು ಬೆಳಗಿನಿಂದ ನೋಡುತ್ತಾ ಚಹಾ ಕುಡಿದರು. ಆಮೇಲೆ ಬಾಯಿಬಿಟ್ಟರು: "ಅಳಿಯಂದ್ರ, ಎಲ್ಲಾ ನೀವೊಬ್ರೇ ಯಾಕ ಮಾಡ್ಲತೀರಿ? ಹಿಂಗಾದ್ರ ನೀವೂ ಸೊರಗ್ತೀರಿ, ಈ ಮಂದೀನೂ ಸೊರಗ್ತದ."

ಎಲ್ಲೋ ಕೇಳಿದ ಮಾತು ಅನ್ನಿಸಿತು. ಅರಣ್ಯದಲ್ಲಿ ಹೊತ್ತು ಮುಳುಗುವ ತನಕ ಜನರ ವ್ಯಾಜ್ಯ ತೀರಿಸುತ್ತಾ ಕುಳಿತಿದ್ದ ಮೋಶೆಗೆ ಅವನ ಮಾವ ಇತ್ರೋ ಹೇಳಿದ್ದೂ ಇದನ್ನೇ. ನಂಬಿಗಸ್ತರನ್ನು ಆರಿಸು, ಕೆಲಸ ಹಂಚಿಕೊಡು ಎಂದು. ಸಂಡೇಸ್ಕೂಲಿನಲ್ಲಿ ಈ ಪಾಠವನ್ನು ನಾನೇ ಕಲಿಸುತ್ತೇನೆ. ಬೇರೆ ಯಾರಿಗೂ ಕೊಟ್ಟಿಲ್ಲ.

ಮೋಶೆ ಸಾವಿರಕ್ಕೊಬ್ಬ, ನೂರಕ್ಕೊಬ್ಬ ಮುಖಂಡನನ್ನು ನೇಮಿಸಿದ. ಆ ಲೆಕ್ಕದಲ್ಲಿ ಒಬ್ಬ ಮುಖಂಡನಿಗೂ ಸಾಲುವಷ್ಟು ಜನ ನಮ್ಮ ಸಭೆಯಲ್ಲಿಲ್ಲ. ಆದರೂ ಮೈಕನ್ನು ಚಿದ್ರಿಯ ಸಾಮುವೇಲಪ್ಪನಿಗೆ, ಅಡುಗೆಯನ್ನು ಶಾಂತಮ್ಮನಿಗೆ, ಔರಾದ್ ಕಡೆಯ ನಮ್ಮವರು ಕಾಣಿಕೆಗೆ ತರುವ ಉದ್ದು, ಕುಂಬಳಕಾಯಿ, ಕೋಳಿಗಳನ್ನು ಡಾಬಕಾದ ದಾವೀದಪ್ಪನಿಗೆ ಒಪ್ಪಿಸಿದೆ. ಒಪ್ಪಿಸಿದ ಮೇಲೆ, ಹೇಗೆ ಮಾಡಬೇಕೆಂದು ಎಲ್ಲರಿಗೂ ಫೋನ್ ಮಾಡಿ ಮಾಡಿ ಹೇಳಿದೆ. ಕೊನೆಗೆ ಶಾಂತಮ್ಮ, "ಅಣ್ಣಾರ, ನೀವು ಹಿಂಗ ಫೋನ್ ಮಾಡ್ಲತ್ರ ನಾ ಸಾರು ಯಾವಾಗ ಇಡ್ಲಿರಿ?" ಎಂದರು.

ಭಾನುವಾರ ಮಾವನ ಪಕ್ಕದಲ್ಲಿ ಕೈಕಟ್ಟಿ ಕುಳಿತೆ. ರೂತ್ ಹಾಡಲು ನಿಂತಳು. ಮೊದಲ ಚರಣ ಮುಗಿಯುವುದಕ್ಕೂ ಕಾಣಿಕೆಯ ಬುಟ್ಟಿಯಿಂದ ಒಂದು ಹುಂಜ ಕಾಲು ಬಿಡಿಸಿಕೊಂಡು ವೇದಿಕೆ ಏರುವುದಕ್ಕೂ ಸರಿಹೋಯಿತು. ಏರಿದ್ದಲ್ಲದೆ ಕೂಗಿತು. ನನ್ನ ಕಾಲುಗಳು ತಾವಾಗಿಯೇ ಎದ್ದವು. ಮಾವ ನನ್ನ ಅಂಗಿ ಹಿಡಿದು ಜಗ್ಗಿದರು. "ಕುಂದ್ರಿ! ಕೋಳಿ ನಿಮ್ಮ ಕೆಲಸ ಅಲ್ಲ."

ಕುಳಿತೆ. ದಾವೀದಪ್ಪ ಕುಂಬಳಕಾಯಿ ಎಡವಿ, ಹೆಗಲ ಟವೆಲ್ ಬೀಸಿ, ಅಂತೂ ಹುಂಜವನ್ನು ಹಿಡಿದ. ಹಾಡು ನಿಲ್ಲಿಸಿದ್ದ ರೂತ್ ಮೊದಲು ನೋಡಿದ್ದು ನನ್ನ ಜಾಗವನ್ನು. ನಾನು ಅಲ್ಲೇ ಇದ್ದೆ. ನಕ್ಕಳು. ಎರಡನೇ ಚರಣವನ್ನು ಹುಂಜಕ್ಕಿಂತ ಎತ್ತರದ ದನಿಯಲ್ಲಿ ಹಾಡಿದಳು. ನನಗೆ ಅಳು ಬಂತು, ನಾಚಿಕೆಯೇನಿಲ್ಲ. ಊಟಕ್ಕೆ ಕುಳಿತರೆ ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ಅದೊಂದಕ್ಕೆ ಮಾತ್ರ ಸ್ವಲ್ಪ ನೋವಾಯಿತು.

ಇದೆಲ್ಲ ಆದಮೇಲೆ ಮೋಶೆ ಮಾವನನ್ನು ಊರಿಗೆ ಕಳುಹಿಸಿಕೊಟ್ಟ ಎಂದು ಬೈಬಲಿನಲ್ಲಿದೆ. ನಮ್ಮ ಮಾವ ಹೊರಡುವ ಸುಳಿವಿಲ್ಲ. "ಮಾಮಾರ, ಭಾಲ್ಕಿಗಿ ಯಾವಾಗ ಹೋಗ್ತೀರಿ? ನಾನೇ ಬಸ್ಸಿಗಿ ಬಿಟ್ಟು ಬರ್ತೀನಿ" ಎಂದೆ.

"ಆ ಕೆಲಸ ರೂತ್‌ಗಿ ಒಪ್ಪಿಸೀನ್ರಿ. ಕ್ರಿಸ್ಮಸ್ ತನಕ ಬ್ಯಾಡ ಅಂದಾಳ" ಎಂದರು.

ಹಾಗಾದರೆ ಹಾಸಿಗೆ ಎಲ್ಲಿ ಹಾಸಬೇಕು ಎಂದು ಹೇಳಲು ಎದ್ದು ಬಾಯಿ ತೆರೆದೆ. ಮಾವ ನನ್ನ ಅಂಗಿಯ ಕಡೆ ಕೈ ಚಾಚಿದರು. ಕುಳಿತುಬಿಟ್ಟೆ.