ಎಡಸೀಟಿನ ಚಾಚಾ

ನಮ್ಮ ಉಸ್ತಾದನ ಕ್ಲೀನರ್ ಬದುಕಿದ್ದಾಗ ಆಗೀಗ ಜ್ವರ, ನೆಂಟರ ಮದುವೆ, ಉರುಸು ಅಂತ ರಜೆ ಹಾಕುತ್ತಿದ್ದ. ತೀರಿಕೊಂಡ ಮೇಲೆ ಒಂದು ದಿನವೂ ಕೆಲಸಕ್ಕೆ ತಪ್ಪಿಸಿಲ್ಲ!

ನಗಬೇಡಿ. ನಾನೂ ಮೊದಮೊದಲು ನಕ್ಕವನೇ. ಯಾದಗಿರಿಯ ಒಂದು ಟ್ರಾನ್ಸ್‌ಪೋರ್ಟ್ ಕಂಪನಿಯಲ್ಲಿ ನಾನೂ ಡ್ರೈವರ್, ಉಸ್ತಾದನೂ ಡ್ರೈವರ್. ಶಹಾಪುರದ ಹತ್ತಿ ಬೇಲು, ಸುರಪುರದ ಅಕ್ಕಿ ಚೀಲ ಹೇರಿಕೊಂಡು ದೇಶ ಸುತ್ತುವುದು ನಮ್ಮ ಹೊಟ್ಟೆಪಾಡು. ನನಗೆ ಸ್ಟೇರಿಂಗ್ ಹಿಡಿಯುವುದನ್ನು ಕಲಿಸಿದವನು ಅವನೇ. ಹಾಗಾಗಿ ಎದುರಿಗೆ 'ರಿ' ಹಚ್ಚಿ ಮಾತಾಡುತ್ತೇನೆ, ಬೆನ್ನ ಹಿಂದೆ ಏಕವಚನ. ಲಾರಿ ಲೈನಿನ ಗುರುಭಕ್ತಿ ಅಂದರೆ ಇಷ್ಟೇ!

ಅವನ ಕ್ಲೀನರ್ ರಂಗಂಪೇಟೆಯವನು. ಕ್ಲೀನರ್ ಅಂದರೆ ಮೀಸೆ ಚಿಗುರದ ಹುಡುಗ ಅಂದುಕೊಂಡಿರಾ? ಅಲ್ಲ, ಉಸ್ತಾದನಿಗಿಂತ ವಯಸ್ಸಿನಲ್ಲಿ ದೊಡ್ಡವನು, ಬಿಳಿ ಗಡ್ಡದವನು. ಎಲ್ಲರಿಗೂ ಚಾಚಾ. ಜೀವಮಾನವೆಲ್ಲ ಲಾರಿಯಲ್ಲಿ ಕಳೆದರೂ ಸ್ಟೇರಿಂಗ್ ಮುಟ್ಟಲಿಲ್ಲ. ಯಾಕೆ ಅಂತ ಕೇಳಿದರೆ, "ಇಬ್ಬರೂ ಮುಂದ ನೋಡಿದ್ರ ಹಿಂದ ಯಾರು ನೋಡಬೇಕೋ?" ಅನ್ನುತ್ತಿದ್ದ. ಗಾಡಿ ಹಿಂದಕ್ಕೆ ತೆಗೆಯುವಾಗ ಕೆಳಗಿಳಿದು, ಟ್ರೇಲರಿನ ಮೈಮೇಲೆ ಅಂಗೈಯಿಂದ ತಟ್ಟುತ್ತಿದ್ದ. ಎರಡು ತಟ್ಟಿದರೆ ಬಾ. ಒಂದೇ ಜೋರು ಏಟು ಬಿದ್ದರೆ ನಿಲ್ಲು. ಈ ಎರಡು ಮಾತುಗಳಲ್ಲಿ ಅವರಿಬ್ಬರ ಸಂಸಾರ ಜಗಳವಿಲ್ಲದೆ ನಡೆಯುತ್ತಿತ್ತು. ಇದಕ್ಕಿಂತ ಹೆಚ್ಚು ಮಾತಾಡುವುದರಿಂದಲೇ ಅಲ್ಲವೇ ನಮ್ಮ ನಿಮ್ಮ ಮನೆಯಲ್ಲಿ ಗದ್ದಲ?

ಹೋದ ವರ್ಷ ಚಾಚಾ ಎದೆನೋವು ಅಂತ ಮಲಗಿದವನು ಏಳಲಿಲ್ಲ. ನಾವೆಲ್ಲ ಹೋಗಿ ಮಣ್ಣು ಕೊಟ್ಟು ಬಂದೆವು. ಉಸ್ತಾದ ಒಂದು ಹನಿ ಕಣ್ಣೀರು ಹಾಕಲಿಲ್ಲ. ಮರುವಾರ ಯಾದಗಿರಿಯ ಗೋದಾಮಿನಲ್ಲಿ ಗಾಡಿ ಹಿಂದಕ್ಕೆ ತೆಗೆಯುವ ಹೊತ್ತಿಗೆ, ಕಿಟಕಿಯಿಂದ ತಲೆ ಹೊರಗೆ ಹಾಕಿ ಸುಮ್ಮನೆ ಕೂತ. ಕೂತ, ಕೂತ. ಆಮೇಲೆ ಯಾರೋ ಹೇಳಿದ್ದನ್ನು ಕೇಳಿದವನಂತೆ "ಹಾಂ" ಅಂದು, ನೂಲು ಹಿಡಿದ ಹಾಗೆ ಟ್ರೇಲರನ್ನು ಒಳಗೆ ತೆಗೆದುಕೊಂಡ. ಹಿಂದೆ ನಿಂತಿದ್ದ ಹಮಾಲರು ಬೀಡಿ ಬಾಯಲ್ಲೇ ಬಿಟ್ಟು ನೋಡುತ್ತಿದ್ದರು.

ಚಹಾದ ಅಂಗಡಿಯಲ್ಲೂ ಎರಡು ಲೋಟ ಹೇಳುತ್ತಿದ್ದ. ಎರಡನ್ನೂ ತಾನೇ ಕುಡಿಯುತ್ತಿದ್ದ. "ಅವಂಗ ಬಿಡ್ರಿ ಸ್ವಲ್ಪ" ಅಂತ ನಾನು ಛೇಡಿಸಿದರೆ, "ಹುಚ್ಚದಿಯೇನು? ಅವಂಗ ಶುಗರ್ ಅದ!" ಅಂದ.

ಇಂಥದರಲ್ಲಿ ಕಂಪನಿ ಹೊಸ ಗಾಡಿ ತರಿಸಿತು. ಟ್ರೇಲರ್ ಎಳೆಯುವ ಎಂಜಿನ್ ಗಾಡಿಗಳು, ಹೊಳೆಹೊಳೆಯುವಂಥವು. ಅವು ಅಂಗಳಕ್ಕೆ ಬಂದ ದಿನ ಡ್ರೈವರುಗಳೆಲ್ಲ ಹೊಸ ಸೊಸೆಯನ್ನು ನೋಡಲು ಬಂದ ಓಣಿಯ ಹೆಂಗಸರಾಗಿದ್ದೆವು.

"ಎ.ಸಿ. ಅದಂತಲೇ!"

"ಸೀಟಿನ ಕೆಳಗ ಗಾಳಿ ತುಂಬ್ಯಾರಂತ. ನನ್ನ ಸೊಂಟದ ಪುಣ್ಯಾ ತೆರೀತು ನೋಡು."

"ಅದು ಮಾತಾಡ್ತದ! ಜೋರ ಹೊಡದ್ರ ಬೈತದ, ಲೈನ್ ಬಿಟ್ರ ಬೈತದ, ಆಕಳಿಸಿದ್ರೂ ಬೈತದ."

"ಮನ್ಯಾಗ ಒಬ್ಬಾಕಿ ಸಾಲದಂತ ಗಾಡ್ಯಾಗೂ ಒಬ್ಬಾಕಿನ್ನ ಇಟ್ಟಾರೇನಪಾ!"

ಮ್ಯಾನೇಜರ್ ಸಾಹೇಬರು ಊರಿಗೆ ಹೊಸಬರು, ಚಾಚಾ ತೀರಿಕೊಂಡ ಸುದ್ದಿ ಗೊತ್ತಿಲ್ಲದವರು. ಅವರು ವಿವರಿಸಿದರು: "ಹಿಂದ ಕ್ಯಾಮರಾ ಅದ, ಎಡಕ್ಕ ಕ್ಯಾಮರಾ ಅದ. ಎಲ್ಲಾ ಮುಂದಿನ ಪರದ್ಯಾಗ ಕಾಣತದ. ಇನ್ನ ಮ್ಯಾಲೆ ಕ್ಲೀನರ್ ಬೇಕಾಗಿಲ್ಲ."

ಉಸ್ತಾದ ಮುಂದೆ ಬಂದ. "ಸಾಹೇಬ್ರ, ಕೆಲಸಾ ಬಿಡಿಸಿದ್ದು ಅವಂಗ ಗೊತ್ತಾಗಬೇಕಲ್ರಿ. ಯಾರು ಹೇಳೋರು?"

"ಯಾರಿಗೆ?"

"ನಮ್ಮ ಕ್ಲೀನರಗ್ರಿ."

"ನನ್ನ ಹತ್ರ ಕಳಸ್ರಿ, ನಾ ಹೇಳತೇನಿ" ಅಂದುಬಿಟ್ಟರು ಸಾಹೇಬರು. ನಾವೆಲ್ಲ ಚಹಾದ ಲೋಟದಲ್ಲಿ ಮುಖ ಹುದುಗಿಸಿದೆವು. ಅಂದು ಸಂಜೆ ಸಾಹೇಬರ ಕೋಣೆಯ ಬಾಗಿಲನ್ನು ಯಾರೋ ಎರಡು ಸಲ ತಟ್ಟಿದರಂತೆ. "ಬರ್ರಿ" ಅಂದರಂತೆ. ಯಾರೂ ಬರಲಿಲ್ಲ. ಎದ್ದು ಹೋಗಿ ನೋಡಿದರೆ ಉದ್ದದ ಪಡಸಾಲೆ ಖಾಲಿ ಇತ್ತು. ಈ ಕಥೆಯನ್ನು ಸಾಹೇಬರೇ ನಮಗೆ ನಗುತ್ತ ಹೇಳಿದ್ದು. ನಾವು ಯಾರೂ ನಗಲಿಲ್ಲ ಅಂತ ಅವರಿಗೆ ಬೇಸರವಾಯಿತು.

ಹೊಸ ಗಾಡಿಗೆ ಪೂಜೆಯಾಯಿತು. ಉಸ್ತಾದ ದೊಡ್ಡದೊಂದು ಚೆಂಡುಹೂವಿನ ಹಾರ ತಂದು ಎಲ್ಲಿಗೆ ಹಾಕಿದ ಹೇಳಿ? ಆ ಪರದೆಗೆ! ಕುಂಕುಮವನ್ನೂ ಹಚ್ಚಿದ. ಹೂವು ಬಾಡಿ ಕಡ್ಡಿಯಾದರೂ ತೆಗೆಯಲಿಲ್ಲ. "ದೇವರ ಫೋಟೊ ಅಲ್ಲೋ ಅದು, ಹಿಂದಿನದು ನೋಡೂದು" ಅಂತ ಮೆಕ್ಯಾನಿಕ್ ಹಲುಬಿದ. "ಹಿಂದಿನದು ನೋಡಾಕ ಮನಿಷಾ ಇದ್ದಾನ" ಅಂದ ಉಸ್ತಾದ.

ಮೆಕ್ಯಾನಿಕ್ಕನಿಗೆ ಇನ್ನೊಂದು ತಲೆನೋವೂ ಇತ್ತು. ಉಸ್ತಾದನ ಗಾಡಿಯಲ್ಲಿ ಹೆಣ್ಣುದನಿ ಪದೇಪದೇ ಹೇಳುತ್ತಿತ್ತು: "ದಯವಿಟ್ಟು ಎಡಸೀಟಿನ ಬೆಲ್ಟ್ ಹಾಕಿಕೊಳ್ಳಿ." ಎಡಸೀಟಿನಲ್ಲಿ ಭಾರ ಇದ್ದರೆ ಮಾತ್ರ ಹಾಗೆ ಹೇಳಬೇಕು. ಅಲ್ಲಿ ಒಂದು ಟವೆಲ್ ಕೂಡ ಇರಲಿಲ್ಲ. ವೈರು ಬದಲಾಯಿಸಿದ, ಸೀಟನ್ನೇ ಬದಲಾಯಿಸಿದ. ನಾನು ಓಡಿಸಿ ನೋಡಿದಾಗ ಅದು ತುಟಿ ಬಿಚ್ಚಲಿಲ್ಲ. ಉಸ್ತಾದ ಹತ್ತಿ ಕೂತನೋ ಇಲ್ಲವೋ, "ದಯವಿಟ್ಟು ಎಡಸೀಟಿನ..." ಅಂತ ಶುರು! ಉಸ್ತಾದ ಕೈ ಚಾಚಿ ಖಾಲಿ ಸೀಟಿಗೆ ಬೆಲ್ಟ್ ಬಿಗಿದು, "ಹೊಸ ಕಾಯ್ದೆ ಅದ ಚಾಚಾ, ಸಿಟ್ಟಾಗಬ್ಯಾಡ" ಅಂದ. ಅವಳು ಸುಮ್ಮನಾದಳು.

ಒಮ್ಮೆ ನನ್ನ ಗಾಡಿ ರಿಪೇರಿಗೆ ಹೋಗಿತ್ತು. ಶಹಾಪುರದಿಂದ ಸುರಪುರದವರೆಗೆ ಉಸ್ತಾದನ ಜೊತೆ ಹೊರಟೆ. ಗಾಡಿ ಹತ್ತಿ ಎಡಸೀಟಿನಲ್ಲಿ ಕೂತೆ. ಅವನು ನನ್ನನ್ನು ನೋಡಿದ ನೋಟ ಹೇಗಿತ್ತೆಂದರೆ, ನಾನು ಯಾರದೋ ತೊಡೆಯ ಮೇಲೆ ಕೂತವನ ಹಾಗೆ! "ಸ್ವಲ್ಪ ಸರದು ಕೂಡು" ಅಂದ. ಸರಿದೆ. "ಇನ್ನೂ ಸ್ವಲ್ಪ." ಬಾಗಿಲಿಗೆ ಅಂಟಿಕೊಂಡೆ. ನಂಬುತ್ತೀರೋ ಬಿಡುತ್ತೀರೋ, ಎ.ಸಿ. ಗಾಡಿಯ ಅಗಲ ಸೀಟಿನಲ್ಲಿ ಅರ್ಧ ಕುಂಡೆ ಊರಿಕೊಂಡು ಹೋದ ಮೊದಲ ಮನುಷ್ಯ ನಾನೇ ಇರಬೇಕು. ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಆ ಕಡೆಯ ತೋಳಿಗೆ ಮಾತ್ರ ಎ.ಸಿ. ಗಾಳಿ ತಾಗುತ್ತಿರಲಿಲ್ಲ.

ಮಟಮಟ ಮಧ್ಯಾಹ್ನ. ಎರಡೂ ಕಡೆ ಗದ್ದೆ, ರಸ್ತೆ ನೆಟ್ಟಗೆ ಬಿದ್ದುಕೊಂಡಿತ್ತು, ಕಣ್ಣಿಗೆ ಒಂದು ಹಕ್ಕಿಯೂ ಕಾಣುತ್ತಿರಲಿಲ್ಲ. ಇದ್ದಕ್ಕಿದ್ದಂತೆ ನನ್ನ ಎಡಬಾಗಿಲಿನ ಹೊರಗೆ 'ಧಪ್' ಅಂತ ಒಂದು ಏಟು. ಓಡುವ ಗಾಡಿಯ ಬಾಗಿಲಿಗೆ, ಹೊರಗಿನಿಂದ! ಉಸ್ತಾದ ಬ್ರೇಕ್ ತುಳಿದ. ಗಾಡಿ ನಿಂತು ಒಂದು ಉಸಿರು ಎಳೆಯುವಷ್ಟರಲ್ಲಿ ಕಾಲುವೆಯ ಏರಿಯಿಂದ ಎಮ್ಮೆಗಳ ಹಿಂಡು ದಬದಬ ರಸ್ತೆಗೆ ಇಳಿಯಿತು. ಆಮೇಲೆ ಎಚ್ಚರಾದ ಹೆಣ್ಣುದನಿ, "ಮುಂದೆ ಅಡಚಣೆ ಇದೆ" ಅಂದಿತು.

"ಈಕಿ ಯಾವಾಗಲೂ ಹಿಂಗ, ಊಟಾ ಮುಗದ ಮ್ಯಾಲೆ ಎಲಿ ಹಾಕ್ತಾಳ" ಅಂದ ಉಸ್ತಾದ.

"ಬಾಗಲಾ ಯಾರು ಬಡದ್ರಿ?" ಅಂದೆ.

"ಬಡೀಬೇಕಾದಂವ" ಅಂದ.

ಆದರೂ ಒಳಗೊಳಗೆ ನನಗೊಂದು ಅನುಮಾನ. ಕಲ್ಲು ಸಿಡಿದಿರಬಹುದು, ಅಲ್ಲವೇ? ಆ ಅನುಮಾನವೂ ಶಹಾಪುರದ ಹತ್ತಿ ಮಿಲ್ಲಿನಲ್ಲಿ ಮುಗಿಯಿತು. ಊಟದ ಹೊತ್ತು. ಯಂತ್ರ ನಿಂತಿತ್ತು, ಹಮಾಲರು ಬುತ್ತಿ ಬಿಚ್ಚಲು ಒಳಗೆ ಹೋಗಿದ್ದರು. ಅಂಗಳದ ತುಂಬ ಹತ್ತಿಯ ಎಳೆಗಳು ಗಾಳಿಯೇ ಇಲ್ಲದೆ ತೇಲುತ್ತಿದ್ದವು. ಉಸ್ತಾದ ಎಂದಿನಂತೆ ತಲೆ ಹೊರಗೆ ಹಾಕಿ ಕಾಯುತ್ತಿದ್ದ. ಸರದಿಗಾಗಿ ಕಾದಿದ್ದ ಲಾರಿಗಳ ಸಾಲು ಹಾರ್ನ್ ಹೊಡೆಯುತ್ತಿತ್ತು. ನಾನು ಟ್ರೇಲರಿನ ಹಿಂದೆಯೇ ನಿಂತಿದ್ದೆ. ಅದರ ನೆರಳಲ್ಲಿ ಮಿಲ್ಲಿನ ನಾಯಿ ಕಾಲು ಚಾಚಿ ಮಲಗಿತ್ತು. ಅದು ತಟ್ಟನೆ ಕಣ್ಣು ಬಿಟ್ಟಿತು. ಎದ್ದು, ನನ್ನ ಕಡೆ ಅಲ್ಲ, ನನ್ನ ಪಕ್ಕದ ಖಾಲಿ ಜಾಗದ ಕಡೆ ನೋಡಿ ಬಾಲ ಅಲ್ಲಾಡಿಸಿತು. ಪರಿಚಯದವರು ಗದರಿದರೆ ಹೋಗುವ ಹಾಗೆ ತಲೆ ತಗ್ಗಿಸಿ ಆಚೆ ಸರಿಯಿತು. ಆಮೇಲೆ ಟ್ರೇಲರಿನ ತಗಡಿನ ಮೇಲೆ, ನನ್ನ ಕೈ ಎಟುಕುವಷ್ಟು ಹತ್ತಿರ, ಎರಡು ತಟ್ಟು. ಗಾಡಿ ಹಿಂದಕ್ಕೆ ಬಂತು. ನಾನು ನಾಯಿಗಿಂತ ಮೊದಲೇ ಗೇಟು ದಾಟಿದ್ದೆ!

ಸಾಲಿನಲ್ಲಿ ಕಾದವರು ಸುಮ್ಮನಿರುತ್ತಾರೆಯೇ? ದೂರು ಹೋಯಿತು. ಸಾಹೇಬರು ಉಸ್ತಾದನನ್ನು ಕರೆದು ನಯವಾಗಿಯೇ ಹೇಳಿದರು: "ಬರೂ ಸೋಮವಾರ ಹೊಸ ಗೋದಾಮಿನಾಗ ಪರೀಕ್ಷಾ. ತಲಿ ಹೊರಗ ಹಾಕಂಗಿಲ್ಲ. ಪರದಿ ನೋಡಿ ಎರಡು ಕಂಬದ ನಡುವ ಟ್ರೇಲರ್ ನಿಲ್ಲಸಬೇಕು. ಆಗಲಿಲ್ಲಂದ್ರ ಚಾವಿ ಕೊಟ್ಟು ಮನಿಗೆ ಹೋಗ್ರಿ. ಹಳೀ ಗಾಡಿ ಎಲ್ಲಾ ಗುಜರಿಗೆ ಹೋಗ್ಯಾವ, ನಿಮಗ ಕೊಡಾಕ ಬ್ಯಾರೆ ಗಾಡಿ ಇಲ್ಲ."

ನಾನು ಅವನನ್ನು ಆಚೆ ಕರೆದುಕೊಂಡು ಹೋಗಿ ಬುದ್ಧಿ ಹೇಳಿದೆ. "ಹಟಾ ಬಿಡ್ರಿ ಉಸ್ತಾದ. ಪರದಿ ನೋಡ್ರಿ. ಇಲ್ಲಂದ್ರ ಗಾಡಿ ಹೋಗತದ."

"ಗಾಡಿ ಹ್ವಾದ್ರ ನಾ ಹೆಂಗರ ಬದಕತೇನೋ. ಮನ್ಯಾಗ ಕಟ್ಟಿ ಅದ, ಕೂಡತೇನಿ. ಅವ ಎಲ್ಲಿ ಕೂಡಬೇಕು?" ಅಂದ.

"ಪರದಿ ನೋಡಿದ್ರ?" ಅಂತ ಕೇಳಿದೆ.

"ಪರದಿ ನೋಡಿದ್ರ ಅವಂಗ ಏನು ಕೆಲಸಾ? ಕೆಲಸ ಇಲ್ಲದ ಕಡೆ ಅವ ಒಂದು ದಿನಾ ನಿಂತಂವ ಅಲ್ಲ. ಹ್ವಾದ್ರ ಬರಂಗಿಲ್ಲ."

ಆಗ ನನಗೆ ಮೊದಲ ಸಲ ಅವನ ಹುಚ್ಚಿನ ಆಳ ಕಂಡಿತು. ಎರಡೂ ಕಡೆಯಿಂದ ಅವನು ಚಾಚಾನನ್ನು ಕಳೆದುಕೊಳ್ಳುತ್ತಿದ್ದ.

ಭಾನುವಾರ ಅಕ್ಕಿ ಹೇರಲು ಸುರಪುರಕ್ಕೆ ಹೋದವರು ರಂಗಂಪೇಟೆಗೆ ಚಾಚಿಯನ್ನು ನೋಡಲು ಹೋದೆವು. ಚಾಚಾನ ಹೆಂಡತಿ, ಮನೆಯಲ್ಲಿ ದಖನಿ ಉರ್ದು, ನಮ್ಮೊಂದಿಗೆ ಕನ್ನಡ ಆಡುವವಳು. ಉಸ್ತಾದ ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದ: ತಟ್ಟುವುದು, ಕಾಯುವುದು, ನಾಳೆಯ ಪರೀಕ್ಷೆ. ಹೆದರುತ್ತಾಳೇನೋ, ಬೈಯುತ್ತಾಳೇನೋ ಅಂತ ನಾನು ಚಪ್ಪಲಿ ಹುಡುಕುತ್ತಿದ್ದೆ. ಚಾಚಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೇಳಿದಳು. "ಹಂಗಾದ್ರ ಅಲ್ಲಿ ಇದ್ದಾರ ಅವರು" ಅಂದಳು. ಸಮಾಧಾನವೋ ಸಿಟ್ಟೋ ತಿಳಿಯದ ದನಿ. ಆಮೇಲೆ ಅಂದಳು:

"ಬೇಟಾ, ನಿಂಗ ಗೊತ್ತಿಲ್ಲ. ಮನಿಗೆ ಬಂದಾಗೆಲ್ಲ ಮೊಣಕಾಲಿಗೆ ಎಣ್ಣಿ ತಿಕ್ಕಸ್ಕೊಂತಿದ್ರು. ಗಾಡಿ ಹತ್ತಿ ಇಳದು ಸವದು ಹೋಗಿದ್ದವು. ಉಸ್ತಾದಗ ಹೇಳಬ್ಯಾಡ, ಬಿಡಿಸಿಬಿಡ್ತಾನ ಅಂತಿದ್ರು. ಸತ್ತ ಮ್ಯಾಲೂ ಇಳಸ್ತೀಯೇನಪಾ ಬಿಸಲಾಗ?"

ಚಾಚಿ ಕೊಟ್ಟ ಚಹಾವನ್ನು ಉಸ್ತಾದ ಕುಡಿಯಲಿಲ್ಲ.

ಸೋಮವಾರ ಬೆಳಿಗ್ಗೆ ಗೋದಾಮಿನ ಮುಂದೆ ಎಲ್ಲರೂ ಸೇರಿದ್ದರು. ಸಾಹೇಬರು ಕಂಬದ ಹತ್ತಿರ ನಿಂತರು. ನಾನು ಹಟ ಮಾಡಿ ಒಳಗೆ ಹತ್ತಿ, ಸೀಟುಗಳ ಹಿಂದೆ ಮಲಗುವ ಜಾಗದಲ್ಲಿ ಕೂತೆ. ಉಸ್ತಾದ ಬಾಡಿದ ಹಾರವನ್ನು ಬಿಡಿಸಿದ, ಕುಂಕುಮವನ್ನು ಟವೆಲ್ಲಿನಿಂದ ಒರೆಸಿದ. ಪರದೆಯಲ್ಲಿ ಎರಡು ಕಂಬಗಳು ಮೂಡಿದವು. ರಿವರ್ಸ್ ಗೇರ್ ಹಾಕಿದ.

"ಎಡಬಾಗಿಲು ತೆರೆದಿದೆ" ಅಂದಿತು ಹೆಣ್ಣುದನಿ.

ನಾನು ನೋಡಿದೆ. ಬಾಗಿಲು ಮುಚ್ಚಿಯೇ ಇತ್ತು. "ಎಡಬಾಗಿಲು ತೆರೆದಿದೆ, ಎಡಬಾಗಿಲು ತೆರೆದಿದೆ" ಅಂತ ಅದು ಹೇಳುತ್ತಲೇ ಇತ್ತು. ಕೆಳಗೆ ಇಳಿಯಬೇಕೆಂದು ಯಾರೋ ಅವಸರ ಮಾಡುತ್ತಿದ್ದ ಹಾಗೆ.

ಉಸ್ತಾದ ಎಡಗೈ ಚಾಚಿ ಖಾಲಿ ಸೀಟಿನ ಮುಂದೆ ಅಡ್ಡ ಹಿಡಿದ. "ಇಳೀಬ್ಯಾಡ ಚಾಚಾ. ಇವತ್ತಿಂದ ನೀ ಇಳೀಬ್ಯಾಡ. ಕುಂತಿರು, ಕುಂತು ನನ್ನ ಜೋಡಿ ಮಾತಾಡು, ಅಷ್ಟೇ ನಿನ್ನ ಕೆಲಸಾ. ನಿನ್ನ ಕಾಲು ಬೀಳತೇನಿ."

ದನಿ ನಿಂತಿತು.

ಅವನು ಪರದೆಯ ಮೇಲೆ ಕಣ್ಣಿಟ್ಟು ಗಾಡಿಯನ್ನು ಹಿಂದಕ್ಕೆ ಬಿಟ್ಟ. ತಲೆ ಹೊರಗೆ ಹಾಕಲಿಲ್ಲ, ಕಾಯಲಿಲ್ಲ. ಟ್ರೇಲರ್ ಎರಡೂ ಕಂಬಗಳಿಗೆ ತಾಗದೆ ಒಳಗೆ ಹೋಗಿ ನಿಂತಿತು. ಹೊರಗೆ ಡ್ರೈವರುಗಳು ಸಿಳ್ಳೆ ಹಾಕಿದರು. ಸಾಹೇಬರು ಚಾವಿ ನಿಮ್ಮದೇ ಅಂತ ಕೈಸನ್ನೆ ಮಾಡಿದರು. ಉಸ್ತಾದ ಅದನ್ನು ನೋಡಲಿಲ್ಲ. ಎಂಜಿನ್ ಬಂದ್ ಮಾಡಿ ಸ್ಟೇರಿಂಗಿಗೆ ಹಣೆ ಹಚ್ಚಿದ. ಮಣ್ಣು ಕೊಟ್ಟ ದಿನ ಅಳದವನು ಈಗ ಬಿಕ್ಕಿಬಿಕ್ಕಿ ಅಳತೊಡಗಿದ. ನನಗೂ ತಡೆಯಲಾಗಲಿಲ್ಲ.

"ಅಷ್ಟು ವರ್ಷ ಇಳದಿ, ಹತ್ತಿದಿ" ಅಂದ, ಎಡಕ್ಕೆ ತಿರುಗಿ. "ಕಾಲು ನೋಯತಾವೇನು ಅಂತ ಒಂದು ದಿನಾ ನಾ ಕೇಳಲಿಲ್ಲಲ್ಲ ಚಾಚಾ."